ಎಪ್ಪತ್ತರ ಗುರುವಾರ

ಜನವರಿ 4, ಭಾನುವಾರ

ಬೋರ್ಡು ಮತ್ತೆ ಹೊರಗೆ ಬಂದಿದೆ. ‘ಅಂಗಡಿ ಮುಚ್ಚುತ್ತಿದ್ದೇವೆ, ಇದ್ದದ್ದೆಲ್ಲ ಮಾರಾಟಕ್ಕೆ.’ ಇದು ಏಳನೆಯ ವರ್ಷ. ಪ್ರತಿ ಡಿಸೆಂಬರ್ ಕೊನೆಗೆ ಅದನ್ನು ಅಟ್ಟದಿಂದ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಗಿಲ ಮೇಲೆ ನೇತುಹಾಕುತ್ತೇವೆ. ಮಾರ್ಚಿನಲ್ಲಿ ಹಳೇ ಬೆಡ್‌ಶೀಟು ಸುತ್ತಿ ಮತ್ತೆ ಮೇಲೇರಿಸುತ್ತೇವೆ. ಈ ಸಲ ಒಂದು ಮೂಲೆ ಮುರಿದಿತ್ತು. ಹೊಸದು ಬರೆಸೋಣ ಎಂದೆ. ಅಂಗಡಿಯ ಯಜಮಾನರು ಬೇಡ ಎಂದು ಟೇಪು ಅಂಟಿಸಿದರು.

ಅಂಗಡಿಯ ಹಿಂಭಾಗದಲ್ಲಿ ಒಂದು ಪರದೆ, ಅದರ ಹಿಂದೆ ನನ್ನ ಹೊಲಿಗೆ ಮೆಷಿನ್ನು, ಇಸ್ತ್ರಿಪೆಟ್ಟಿಗೆ ಮತ್ತು ತಿದ್ದಬೇಕಾದ ಬಟ್ಟೆಗಳನ್ನು ನೇತುಹಾಕುವ ಕಬ್ಬಿಣದ ಸ್ಟ್ಯಾಂಡು. ಇಲ್ಲಿ ಕೂತು ಹದಿನಾಲ್ಕು ವರ್ಷವಾಯಿತು. ಎಲ್ಲರೂ ಟೈಲರಮ್ಮ ಅನ್ನುತ್ತಾರೆ. ಸೇಲಿನಲ್ಲಿ ಬುದ್ಧಿ ಕಳೆದುಕೊಂಡವರೆಲ್ಲ ಕೊನೆಗೆ ಬರುವುದು ನನ್ನ ಪರದೆಯ ಹಿಂದಕ್ಕೇ. ನಿನ್ನೆ ಒಬ್ಬಾಕೆ ಮೂರು ಪ್ಯಾಂಟು ತಂದಿಟ್ಟರು, ಒಂದರದೂ ಗುಂಡಿ ಕೂಡುವುದಿಲ್ಲ. ಸಣ್ಣಗಾದ ಮೇಲೆ ಹಾಕಿಕೊಳ್ಳುತ್ತಾರಂತೆ, ಅಲ್ಲಿಯವರೆಗೆ ಏನಾದರೂ ಮಾಡಿಕೊಡಬೇಕಂತೆ. ಬಟ್ಟೆಗೆ ತಕ್ಕ ಹಾಗೆ ಮೈಯನ್ನು ಹೊಲಿಯುವ ಮೆಷಿನ್ನು ನನ್ನ ಹತ್ತಿರ ಇಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ನಾನು ಹಾಗೆ ಮೋಸಹೋಗುವವಳಲ್ಲ. ಏನು ಬೇಕೆಂದು ಮನೆಯಲ್ಲೇ ಬರೆದುಕೊಂಡು ಹೊರಡುತ್ತೇನೆ. ಬೆಲೆ ನೋಡುವ ಮೊದಲು ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುತ್ತೇನೆ. ಮೊದಲ ವಾರ ಯಾವುದಕ್ಕೂ ಕೈ ಹಾಕುವುದಿಲ್ಲ. ಮಗಳ ಬಟ್ಟೆಯನ್ನಂತೂ ಎರಡು ಸೈಜು ದೊಡ್ಡದೇ ತೆಗೆದದ್ದು.

ಅದಕ್ಕೇ ಅವಳು ಮನೆ ಬಿಟ್ಟದ್ದು ಎಂದರೆ ಯಾರೂ ನಂಬಲಿಕ್ಕಿಲ್ಲ. ನವೆಂಬರಿನಲ್ಲಿ ನನ್ನನ್ನು ಕರೆದೊಯ್ಯಲು ಅಂಗಡಿಗೆ ಬಂದವಳು ಗಾಜಿನ ಮುಂದೆ ನಿಂತು ಗೊಂಬೆಗೆ ಹಾಕಿದ್ದ ಕಡುಹಸಿರು ಕೋಟನ್ನೇ ನೋಡುತ್ತಿದ್ದಳು. ಜನವರಿಯಲ್ಲಿ ಅರ್ಧಕ್ಕೆ ಬರುತ್ತೆ, ಈಗ ಯಾಕೆ ಎಂದೆ. ನಾನು ಕೇಳಿಲ್ಲವಲ್ಲ, ಸುಮ್ಮನೆ ನೋಡುತ್ತಿದ್ದೆ ಎಂದಳು. ಮನೆಗೆ ಬಂದ ಮೇಲೆ ಮಾತಿಗೆ ಮಾತು ಬೆಳೆಯಿತು. ಅವಳು ಹಾಕುವ ಕಂದು ಕೋಟು ಅವಳಿಗೆ ಹದಿನಾಲ್ಕಾಗಿದ್ದಾಗ ನಾನು ತೆಗೆದದ್ದು. ತೋಳು ಒಳಗೆ ಮಡಚಿ ಹೊಲಿದಿದ್ದೆ, ಅವಳು ಬೆಳೆದ ಹಾಗೆ ಎರಡು ಸಲ ಬಿಚ್ಚಿ ಉದ್ದ ಮಾಡಿದ್ದೆ. ಮಡಿಕೆ ಇದ್ದ ಕಡೆ ಎರಡು ಗೆರೆ ಉಳಿದುಬಿಟ್ಟಿವೆ, ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಈಗ ಅವಳಿಗೆ ಇಪ್ಪತ್ತೈದು.

“ನನ್ನ ಕೈ ನೋಡಿದ್ರೆ ಯಾವ ವರ್ಷ ಎಷ್ಟು ಬೆಳೆದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ” ಎಂದಳು. ಆಮೇಲೆ ದನಿ ತಗ್ಗಿಸಿ, “ಒಂದೇ ಒಂದು ಸಲ ನನಗೆ ಬೇಕಾದಾಗ, ನನ್ನ ಅಳತೆಗೆ, ಏನಾದ್ರೂ ತಂದಿದೀಯಾ ಅಮ್ಮ?” ಎಂದಳು.

ಮರುವಾರ ಗೆಳತಿಯ ಕೋಣೆಗೆ ಹೋದಳು.

ಸರಿ. ಈ ವರ್ಷದ ಪಟ್ಟಿಯಲ್ಲಿ ಒಂದೇ ವಸ್ತು: ಹಸಿರು ಕೋಟು.

ಜನವರಿ 8, ಗುರುವಾರ

ನಮ್ಮಲ್ಲಿ ಬೆಲೆ ಇಳಿಯುವುದು ಗುರುವಾರ. ಮೊದಲ ಗುರುವಾರ ಇಪ್ಪತ್ತು ಪರ್ಸೆಂಟು ಕಡಿಮೆ ಮಾಡಿದ್ದರು, ಇವತ್ತು ಮೂವತ್ತು. ಮುಂದೆ ನಲವತ್ತು, ಐವತ್ತು, ಕೊನೆಯ ಗುರುವಾರ ಒಮ್ಮೆಲೇ ಎಪ್ಪತ್ತು. ಏಳು ವರ್ಷದಿಂದ ಇದೇ ಕ್ರಮ. ನನ್ನ ಲೆಕ್ಕಕ್ಕೆ ಬೆಲೆ ಅನ್ನುವುದೇ ಎಪ್ಪತ್ತರ ಗುರುವಾರದ್ದು, ಉಳಿದ ದಿನದ್ದೆಲ್ಲ ಅವಸರದವರಿಗೆ.

ಹಸಿರು ಕೋಟು ಅವಳ ಸೈಜಿನಲ್ಲಿ ಒಂದೇ ಉಳಿದಿದೆ. ಬೆಳಿಗ್ಗೆ ಯಾರೂ ಬರುವ ಮೊದಲು ಅದನ್ನು ತಂದು ನನ್ನ ಸ್ಟ್ಯಾಂಡಿನಲ್ಲಿ ಪ್ಯಾಂಟುಗಳ ನಡುವೆ ಹಾಕಿದೆ. ‘ಬ್ಯಾಂಕಿನ ಮೇಡಂ, ತೋಳು ಗಿಡ್ಡ ಮಾಡುವುದು’ ಎಂದು ಚೀಟಿ ಬರೆದು ಪಿನ್ನು ಚುಚ್ಚಿದೆ. ತಿದ್ದಲು ಕೊಟ್ಟ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ಅಂಗಡಿಯ ಕೆಲಸದವರೆಲ್ಲ ಮಾಡುವ ಕೆಲಸವೇ ಇದು. ಹೋದ ತಿಂಗಳಷ್ಟೇ ಸೇರಿದ ಗಡಿಬಿಡಿ ಕೂಡ ಆಗಲೇ ಕಲಿತಿದ್ದಾಳೆ. ಮೂರು ಮಕ್ಕಳ ತಾಯಿ, ನಡೆದಲ್ಲೆಲ್ಲ ಹ್ಯಾಂಗರು ಬೀಳಿಸುತ್ತಾಳೆ, ಆ ಹೆಸರು ನಾನೇ ಇಟ್ಟದ್ದು. ಗಂಡನಿಗೆಂದು ಒಂದು ಸ್ವೆಟರನ್ನು ಮಕ್ಕಳ ಪೈಜಾಮದ ಕೆಳಗೆ ಅಡಗಿಸಿದ್ದಾಳೆ.

ಈಗಲೇ ಕೊಳ್ಳಬಹುದಿತ್ತು. ಕೈಯಲ್ಲಿ ಹಣವಿಲ್ಲ ಎಂದೇನಲ್ಲ. ಇನ್ನು ಮೂರು ವಾರಕ್ಕೆ ಇಷ್ಟಕ್ಕೆ ಸಿಗುತ್ತದೆ ಎಂದು ಗೊತ್ತಿದ್ದೂ ಹೆಚ್ಚು ಕೊಡುವುದು ನನ್ನಿಂದ ಆಗುವ ಮಾತಲ್ಲ. ಮೈ ಉರಿಯುತ್ತದೆ.

ನಮ್ಮ ಮನೆಯವರು ಹಾಗಿರಲಿಲ್ಲ. ಮಗಳಿಗೆ ಆರು ವರ್ಷವಿದ್ದಾಗ, ಮೊದಲ ಮಳೆ ಬಿದ್ದ ದಿನವೇ, ಪೂರ್ತಿ ಬೆಲೆ ಕೊಟ್ಟು ಹಳದಿ ರೇನ್‌ಕೋಟು ತಂದರು. ಅಳತೆಗೆ ಸರಿಯಾಗಿ ಕೂತಿತ್ತು, ಅಂದರೆ ಒಂದೇ ವರ್ಷದಲ್ಲಿ ಗಿಡ್ಡವಾಯಿತು. ನಾನು ಎರಡು ದಿನ ಇವರ ಜೊತೆ ಮಾತು ಬಿಟ್ಟಿದ್ದೆ. ಇವರು ತೀರಿಹೋಗಿ ಒಂಬತ್ತು ವರ್ಷ. ಮನೆ ಬಿಡುವಾಗ ಅವಳು ಆ ರೇನ್‌ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಜನವರಿ 12, ಸೋಮವಾರ

ಮಗಳ ಫೋನು. ಎರಡು ತಿಂಗಳಲ್ಲಿ ಮೂರನೆಯದು. ಬೇರೆ ಊರಿನಲ್ಲಿ, ಹಡಗಿನ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆಯಂತೆ. ಮೂವತ್ತೊಂದನೇ ತಾರೀಖು, ಶನಿವಾರ ಬೆಳಿಗ್ಗೆಯ ರೈಲು. ಯಾವಾಗ ವಾಪಸು ಎಂದು ಕೇಳಿದೆ. ವಾಪಸು ಅಂತ ಏನಿಲ್ಲಮ್ಮ, ಅಲ್ಲೇ ಇರೋದು ಎಂದಳು.

ಅಲ್ಲಿ ಚಳಿ ಹೆಚ್ಚಂತೆ. ಕೋಟು ಇದೆಯಾ ಎಂದು ಕೇಳಿದೆ.

“ಇದೆ. ನೀನು ತೆಗೆದದ್ದೇ.”

ಹಸಿರು ಕೋಟಿನ ವಿಷಯ ಹೇಳಿಬಿಡೋಣ ಎಂದು ನಾಲಗೆಯ ತುದಿಗೆ ಬಂದಿತ್ತು. ಆದರೆ ಕೈಗೇ ಕೊಟ್ಟು ಮುಖ ನೋಡಬೇಕು. ಎಪ್ಪತ್ತರ ಗುರುವಾರ ಇಪ್ಪತ್ತೊಂಬತ್ತಕ್ಕೆ ಬರುತ್ತದೆ, ರೈಲು ಮೂವತ್ತೊಂದಕ್ಕೆ. ಎರಡು ದಿನ ಮಧ್ಯೆ ಉಳಿಯುತ್ತದೆ. ಬೇಕೆಂದೇ ಜೋಡಿಸಿದ ಹಾಗಿದೆ.

ಜನವರಿ 15, ಗುರುವಾರ

ನಲವತ್ತು. ಯಜಮಾನರು ಎಲ್ಲರನ್ನೂ ಕರೆದು, ಈ ಸಲ ನಿಜವಾಗಿಯೂ ಮುಚ್ಚುತ್ತೇನೆ, ಬೇರೆ ಕೆಲಸ ನೋಡಿಕೊಳ್ಳಿ ಎಂದರು. ಹೋದ ವರ್ಷವೂ ಹೀಗೇ ಕಣ್ಣಲ್ಲಿ ನೀರು ತಂದುಕೊಂಡು ಗಿರಾಕಿಗಳ ಎದುರು ಹೇಳಿದ್ದರು, ಆ ದಿನ ವ್ಯಾಪಾರ ಜೋರಾಗಿತ್ತು. ಈ ಸಲ ಕಣ್ಣೀರು ಬರಲಿಲ್ಲ. ವರ್ಷದಿಂದ ವರ್ಷಕ್ಕೆ ನಟನೆ ಕೆಡುತ್ತಿದೆ ಎಂದು ಗಡಿಬಿಡಿಯ ಕಿವಿಯಲ್ಲಿ ಹೇಳಿದೆ. ಅವಳು ನಗು ತಡೆಯಲಾರದೆ ಟ್ರಯಲ್ ರೂಮಿನೊಳಗೆ ಓಡಿದಳು.

ಗಿರಾಕಿಗಳಿಗೂ ಗೊತ್ತು. ಬರುತ್ತಾರೆ, ಮುಟ್ಟುತ್ತಾರೆ, ಇನ್ನೂ ಇಳಿಯುತ್ತೆ ಬಿಡು ಎಂದು ಹೋಗುತ್ತಾರೆ. ನಾವೇ ಕಲಿಸಿದ ಪಾಠ.

ಜನವರಿ 19, ಸೋಮವಾರ

ಮಧ್ಯಾಹ್ನ ದಪ್ಪ ಜೀನ್ಸೊಂದಕ್ಕೆ ಹೊಲಿಗೆ ಹಾಕುತ್ತಿದ್ದೆ, ಮೆಷಿನ್ನಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಗಡಿಬಿಡಿ ಪರದೆಯೊಳಗೆ ತಲೆ ಹಾಕಿ, ಗಾಜಿನಲ್ಲಿ ಮೊದಲಿತ್ತಲ್ಲ ಆ ಹಸಿರು ಕೋಟನ್ನು ಯಾರೋ ಹುಡುಗಿ ಕೇಳುತ್ತಿದ್ದಾಳೆ, ಬೆಲೆ ಎಷ್ಟಿದ್ದರೂ ಆದೀತಂತೆ ಎಂದಳು. ಅವಳ ಕಣ್ಣು ಆಗಲೇ ನನ್ನ ಸ್ಟ್ಯಾಂಡಿನ ಮೇಲಿತ್ತು. ನಾನು ಪೆಡಲಿನಿಂದ ಕಾಲು ತೆಗೆಯದೆ, ಸದ್ದಿನ ಮೇಲೆ ಕೂಗಿದೆ: “ಇಲ್ಲ ಅನ್ನು. ಅದು ಬೇರೆಯವರಿಗೆ ಹೋಗಿದೆ ಅನ್ನು.”

ಹೋದಳಂತೆ. ನೂರು ಕೋಟು ನೇತಾಡುತ್ತಿರುವಾಗ ಅದೇ ಯಾಕೆ ಬೇಕಿತ್ತೋ. ಎಷ್ಟಿದ್ದರೂ ಆದೀತು ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೋಟನ್ನು ಇನ್ನೂ ಹಿಂದಕ್ಕೆ, ಗೋಡೆಯ ಕಡೆಗೆ ತಳ್ಳಿದ್ದೇನೆ.

ಜನವರಿ 22, ಗುರುವಾರ

ಐವತ್ತು. ಇವತ್ತು ನಾನೊಂದು ಬುದ್ಧಿಗೇಡಿ ಕೆಲಸ ಮಾಡಿದೆ. ಬಿಲ್ಲು ಮಾಡಿಸದ ಕೋಟಿಗೆ ಕತ್ತರಿ ಹಾಕಿದೆ.

ಗಿರಾಕಿ ಇರಲಿಲ್ಲ. ಸುಮ್ಮನೆ ಕೈಗೆತ್ತಿಕೊಂಡೆ. ಮೈಯೆಲ್ಲ ಸರಿ, ತೋಳು ಮಾತ್ರ ಉದ್ದ. ಇಷ್ಟು ವರ್ಷದ ಅಭ್ಯಾಸ, ಒಳಗೆ ಮಡಚಿ ಹೊಲಿಯೋಣ, ಮುಂದೆ ಬೇಕಾದೀತು ಎಂದು ಟೇಪು ಹಿಡಿದೆ. ಅಷ್ಟರಲ್ಲಿ ಅವಳ ಮಾತು ನೆನಪಾಯಿತು. ನನ್ನ ಅಳತೆಗೆ. ಹಳೇ ಡೈರಿಯಲ್ಲಿ ಅವಳ ಅಳತೆಗಳ ಪುಟವಿದೆ, ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಅವಳಿಗೆ ಹದಿನೇಳಾಗಿದ್ದಾಗ ಕಂದು ಕೋಟಿನ ತೋಳನ್ನು ಎರಡನೇ ಸಲ ಇಳಿಸಿದಾಗ ಬರೆದದ್ದೇ ಕೊನೆಯದು. ಅದನ್ನೇ ಚಾಕಿನಲ್ಲಿ ಗುರುತು ಹಾಕಿ ಕತ್ತರಿಸಿಬಿಟ್ಟೆ. ಮಡಿಕೆಗೆ ಜಾಗ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ. ಲೈನಿಂಗು ಕೂಡಿಸಿ ಅಂಚು ಹೊಲಿದು ಇಸ್ತ್ರಿ ಹಾಕಿದೆ. ಒಂದೇ ಒಂದು ಗೆರೆ ಇಲ್ಲ.

ಇನ್ನು ಅದು ಬೇರೆ ಯಾರಿಗೂ ಆಗುವುದಿಲ್ಲ. ಇವತ್ತೇ ಕೊಂಡುಬಿಡಬೇಕಿತ್ತು ಎಂದು ಈಗ ಬರೆಯುವಾಗ ಅನಿಸುತ್ತಿದೆ. ಆದರೆ ಒಂದು ವಾರಕ್ಕೋಸ್ಕರ ಇಪ್ಪತ್ತು ಪರ್ಸೆಂಟು ಬಿಡುವುದೆಂದರೆ ಇಷ್ಟು ದಿನ ಕಾದದ್ದಕ್ಕೆ ಅರ್ಥವೇನು?

ಕತ್ತರಿಸಿದ ಎರಡು ತುಂಡು, ನಾಲ್ಕು ಬೆರಳಗಲ, ಬಳೆಯ ಹಾಗೆ ದುಂಡಗಿವೆ. ಎಸೆಯಲು ಮನಸ್ಸಾಗದೆ ದಾರದ ಡಬ್ಬಿಗೆ ಹಾಕಿಕೊಂಡೆ.

ಜನವರಿ 27, ಮಂಗಳವಾರ

ವಾರದ ರಜೆ. ಮನೆ ಗುಡಿಸಿ, ಅವಳ ಕೋಣೆಯ ಕಿಟಕಿ ತೆರೆದಿಟ್ಟೆ. ಗಟ್ಟಿಯಾದ ರಟ್ಟಿನ ಪೆಟ್ಟಿಗೆಯೊಂದು ಅಟ್ಟದಲ್ಲಿತ್ತು, ಒರೆಸಿಟ್ಟಿದ್ದೇನೆ. ಕೊಡುವಾಗ ಏನು ಹೇಳುವುದೆಂದು ಎರಡು ಮೂರು ರೀತಿ ಹೇಳಿಕೊಂಡು ನೋಡಿದೆ. ಎಲ್ಲದರಲ್ಲೂ ಬೆಲೆಯ ಮಾತು ಬರುತ್ತಿತ್ತು. ಏನೂ ಹೇಳದೆ ಕೊಡುವುದೇ ವಾಸಿ.

ನಾಡಿದ್ದು ಗುರುವಾರ.

ಜನವರಿ 28, ಬುಧವಾರ

ಎಲ್ಲ ಹೋಗಿದೆ.

ಬಾಗಿಲು ತೆಗೆದಾಗ ಬೇರೆ ಯಾರದೋ ಅಂಗಡಿಗೆ ನುಗ್ಗಿದೆನೇನೋ ಅನಿಸಿತು. ಬರೀ ಗೋಡೆ. ಮೂಲೆಯಲ್ಲಿ ಹ್ಯಾಂಗರುಗಳ ರಾಶಿ. ನಿನ್ನೆ ಲಾಟು ವ್ಯಾಪಾರಿಯೊಬ್ಬ ಲಾರಿ ತಂದು ಇದ್ದದ್ದನ್ನೆಲ್ಲ ತೂಕದ ಮೇಲೆ ಎತ್ತಿಕೊಂಡು ಹೋದನಂತೆ. ಪರದೆಯ ಹಿಂದೆ ಓಡಿದೆ. ಮೆಷಿನ್ನು ಇದೆ, ಸ್ಟ್ಯಾಂಡು ಇಲ್ಲ. ಗಿರಾಕಿಗಳ ಬಟ್ಟೆ ಬಿಟ್ಟು ಉಳಿದದ್ದನ್ನು ಕೊಟ್ಟೆವು ಎಂದರು ಯಜಮಾನರು. ಬ್ಯಾಂಕಿನ ಮೇಡಂ ಹೆಸರಿನ ಬಿಲ್ಲು ಹುಡುಕಿದರಂತೆ. ಅಂಥ ಬಿಲ್ಲೇ ಇರಲಿಲ್ಲವಲ್ಲ.

ಮೊದಲೇ ಹೇಳಬಾರದಿತ್ತೇ ಎಂದು ಅವರ ಮೇಲೆ ಹರಿಹಾಯ್ದೆ. ಅವರು ಬರಿಗೋಡೆಗೆ ಒರಗಿ ನಿಂತು, ಸುಸ್ತಾದ ದನಿಯಲ್ಲಿ, “ಏಳು ವರ್ಷದಿಂದ ಬೋರ್ಡು ಹಾಕಿದೀನಲ್ಲ ಟೈಲರಮ್ಮ” ಎಂದರು.

ಕೆಲಸ ಹೋಯಿತು. ಅದು ಇನ್ನೂ ತಲೆಗೆ ಇಳಿದಿಲ್ಲ.

ಜನವರಿ 29, ಗುರುವಾರ

ಎಪ್ಪತ್ತರ ಗುರುವಾರ. ಬೆಳಿಗ್ಗೆ ಗಡಿಬಿಡಿಯನ್ನು ಕರೆದುಕೊಂಡು ಲಾಟು ವ್ಯಾಪಾರಿಯ ಗೋದಾಮಿಗೆ ಹೋದೆ. ಆಳೆತ್ತರದ ಗಂಟುಗಳು, ತಂತಿ ಬಿಗಿದು ಸಾಲಾಗಿ ನಿಲ್ಲಿಸಿದ್ದರು. ನಮ್ಮ ಅಂಗಡಿಯದು ನಿನ್ನೆಯೇ ಬೇರೆ ಕಡೆಗೆ ಹೋಗಿದೆ ಎಂದ. ಎಲ್ಲಿಗೆ ಎಂದು ಕೇಳಿದೆ. ಮೂರು ಊರಿಗೆ ಹಂಚಿಹೋಗಿದೆ, ಒಂದು ಕೋಟು ಹುಡುಕೋಕೆ ಯಾವ ಗಂಟು ಬಿಚ್ಚಲಿ ಎಂದ. ಕೆಟ್ಟ ಮನುಷ್ಯನೇನಲ್ಲ. ಕೂತುಕೊಳ್ಳಲು ಸ್ಟೂಲು ಕೊಟ್ಟ.

ಬರುವಾಗ ಬಸ್ಸಿನಲ್ಲಿ ಗಡಿಬಿಡಿ ನನ್ನನ್ನು ಸಮಾಧಾನ ಮಾಡಲೆಂದು ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದಳು. ಅವಳ ಗಂಡನ ಸ್ವೆಟರೂ ಹೋಯಿತಂತೆ. ಆ ಕೋಟಿನ ಋಣ ಯಾರಿಗೂ ಇರಲಿಲ್ಲ ಬಿಡಿ ಎಂದಳು.

“ಅವತ್ತು ಕೇಳ್ಕೊಂಡು ಬಂದಿದ್ಳಲ್ಲ ಅಕ್ಕ, ಆ ಹುಡುಗಿಗಾದ್ರೂ ಕೊಟ್ಟಿದ್ರೆ ಆಗ್ತಿತ್ತು. ಪಾಪ, ಹಾಕ್ಕೊಂಡಿದ್ದ ಕೋಟು ನೋಡ್ಬೇಕಿತ್ತು, ತೋಳಲ್ಲಿ ಎರಡೆರಡು ಗೆರೆ. ಪರದೆ ಕಡೇನೇ ನೋಡ್ತಾ ನಿಂತಿದ್ಳು. ನಿಮ್ಮ ಮಾತು ಕೇಳಿಸ್ತು, ಹಾಗೇ ಹೊರಟುಹೋದ್ಳು.”

ಗಡಿಬಿಡಿ ಮುಂದೆ ಏನು ಹೇಳಿದಳೋ ಗೊತ್ತಿಲ್ಲ. ಇಳಿಯುವ ನಿಲ್ದಾಣ ದಾಟಿ ಎಷ್ಟೋ ದೂರ ಹೋಗಿದ್ದೆವು.

ಮಗಳಿಗೆ ಬೇಕಿದ್ದದ್ದು ಕೋಟೋ, ಪರದೆಯ ಹಿಂದೆ ಬರಲು ಒಂದು ನೆಪವೋ. ಎರಡಕ್ಕೂ ನಾನು ಇಲ್ಲ ಅಂದಿದ್ದೇನೆ.

ಜನವರಿ 30, ಶುಕ್ರವಾರ

ಫೋನು ಮಾಡಲಿಲ್ಲ. ಮೂರು ಸಲ ಕೈಗೆತ್ತಿಕೊಂಡೆ.

ಜನವರಿ 31, ಶನಿವಾರ

ರೈಲು ನಲವತ್ತು ನಿಮಿಷ ತಡ. ಅವಳು ಎರಡು ಚೀಲ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು, ಕಂದು ಕೋಟು ಹಾಕಿಕೊಂಡು. ಬರುತ್ತೇನೆಂದು ನಾನು ಹೇಳಿರಲಿಲ್ಲ. ಕಂಡಾಗ ಎದ್ದು ನಿಂತಳು, ಚೀಲ ಸರಿಸಿ ಜಾಗ ಮಾಡಿಕೊಟ್ಟಳು.

ಅವತ್ತು ಸೋಮವಾರ ಕೋಟು ಕೇಳಿಕೊಂಡು ಅಂಗಡಿಗೆ ಬಂದದ್ದು ನೀನೇ ಅಂತ ಮೊನ್ನೆ ಗೊತ್ತಾಯಿತು ಎಂದೆ. ಅವಳು ರೈಲಿನ ಹಳಿ ನೋಡುತ್ತಾ, ನಿನ್ನ ದನಿ ಗೊತ್ತಾಗಲ್ವಾ ಅಮ್ಮ ಎಂದಳು. ಅದು ನಿನಗೇ ಅಂತ ತೆಗೆದಿಟ್ಟಿದ್ದೆ, ಅದಕ್ಕೇ ಇಲ್ಲ ಅಂದದ್ದು ಎಂದು ಎಲ್ಲವನ್ನೂ ಹೇಳಿದೆ. ಚೀಟಿ, ಕತ್ತರಿ, ಲಾರಿ. ಅವಳು ಕೊನೆಯವರೆಗೆ ಕೇಳಿದಳು.

“ಎಷ್ಟು ಪರ್ಸೆಂಟು ಆಗ್ಲಿ ಅಂತ ಕಾಯ್ತಿದ್ದೆ?”

“ಎಪ್ಪತ್ತು.”

ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಸರಿ ಎಂದು ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಚಳಿಗೆ ಕೈ ಉಜ್ಜಿಕೊಂಡಳು. ಆಗ ನೋಡಿದೆ. ಕೋಟಿನ ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೇ ನಿಂತಿತ್ತು. ಹದಿನಾಲ್ಕು ವರ್ಷದಿಂದ ಊರವರ ಕೈ ಅಳೆಯುವವಳು ನಾನು, ಇವಳ ಕೈ ಕಾಣಲಿಲ್ಲ. ನಾನು ಡೈರಿಯಲ್ಲಿ ಬರೆದಿಟ್ಟಿದ್ದ ಕೊನೆಯ ಅಳತೆ ಇವಳ ಕೈಯದ್ದೇ ಅಲ್ಲ. ಕಂದು ಕೋಟಿನ ತೋಳಿನಲ್ಲಿ ಅವತ್ತು ಬಿಚ್ಚಲು ಇನ್ನು ಬಟ್ಟೆಯೇ ಉಳಿದಿರಲಿಲ್ಲ. ಬಟ್ಟೆ ಮುಗಿದ ಕಡೆ ಟೇಪು ಹಿಡಿದು ಬರೆದುಕೊಂಡದ್ದು ಅದು. ಹಸಿರು ಕೋಟು ಸಿಕ್ಕಿದ್ದರೂ ಇದೇ ನಾಲ್ಕು ಬೆರಳು ಗಿಡ್ಡವಾಗುತ್ತಿತ್ತು. ಉದ್ದವಿದ್ದದ್ದನ್ನು ನಾನೇ ಕತ್ತರಿಸಿ ಹಾಳುಮಾಡಿದ್ದೆ.

ದಾರದ ಡಬ್ಬಿ ಚೀಲದಲ್ಲೇ ಇತ್ತು. ಎರಡು ಹಸಿರು ತುಂಡು ತೆಗೆದು ತೋರಿಸಿದೆ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಕೈ ಕೊಡು ಎಂದೆ. ಬೇಡಮ್ಮ, ಎಲ್ಲರೂ ನೋಡ್ತಾರೆ ಎಂದಳು, ಆದರೆ ಬಲಗೈ ಚಾಚಿದಳು. ಹಸಿರು ತುಂಡನ್ನು ಬಳೆ ತೊಡಿಸುವ ಹಾಗೆ ಬೆರಳುಗಳ ಮೇಲಿಂದ ಏರಿಸಿ, ತೋಳಿನ ತುದಿಗೆ ಕೂಡಿಸಿ, ಕೂತಲ್ಲೇ ಹೊಲಿಯತೊಡಗಿದೆ. ಚಳಿಗೆ ಬೆರಳು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಅವಳ ಕೈ ಇಷ್ಟು ಹೊತ್ತು ನನ್ನ ಕೈಯಲ್ಲಿದ್ದು ಎಷ್ಟು ವರ್ಷವಾಗಿತ್ತೋ. ಮಣಿಕಟ್ಟಿನ ಮೂಳೆ ಅವಳ ಅಪ್ಪನದ್ದೇ.

ಒಂದು ತೋಳು ಮುಗಿಸಿ ದಾರ ಕಡಿದೆ. ಸರಿಯಾಗಿ ಮಣಿಕಟ್ಟಿಗೆ ಬಂದು ಕೂತಿತು. ಇನ್ನೊಂದಕ್ಕೆ ದಾರ ಪೋಣಿಸುತ್ತಿದ್ದಂತೆ ರೈಲು ಬಂತು. ಎರಡೇ ನಿಮಿಷ ನಿಲ್ಲುತ್ತದೆ. ಚೀಲ ಎತ್ತಿಕೊಟ್ಟೆ. ಮೆಟ್ಟಿಲ ಮೇಲೆ ನಿಂತು, “ಸಾಕು ಬಿಡಮ್ಮ, ಹೋಗು, ಚಳಿ” ಎಂದಳು. ಬಲಗೈಯಿಂದ ಹಿಡಿಕೆ ಹಿಡಿದಿದ್ದಳು, ಹಸಿರು ಕಾಣುತ್ತಿತ್ತು. ರೈಲು ಹೊರಟಾಗ ನನ್ನ ಕಡೆ ಬೀಸಿದ್ದು ಎಡಗೈ.

ಮನೆಗೆ ಬಂದು ರಟ್ಟಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಆ ಊರಿನಲ್ಲಿ ಇಳಿಯುವ ಮೊದಲೇ ಅವಳು ಆ ಹಸಿರು ತುಂಡನ್ನು ಕಿತ್ತುಹಾಕುತ್ತಾಳೆ. ಒಂದು ತೋಳಿನ ತುದಿ ಹಸಿರು, ಇನ್ನೊಂದರದು ಕಂದು ಇರುವ ಕೋಟು ಹಾಕಿಕೊಂಡು ಹೊಸ ಕೆಲಸಕ್ಕೆ ಯಾರು ಹೋಗುತ್ತಾರೆ. ಅವಸರದಲ್ಲಿ ಹಾಕಿದ ಕಚ್ಚಾ ಹೊಲಿಗೆ, ಒಂದು ಕಡೆ ದಾರ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ತುಂಡು ಇಲ್ಲೇ ಮೇಜಿನ ಮೇಲಿದೆ. ಪೋಣಿಸಿದ ದಾರವನ್ನು ಸೂಜಿಯಿಂದ ಇನ್ನೂ ತೆಗೆದಿಲ್ಲ.